ಕಂತು ತಪ್ಪದ ಸಾಲ

ಷೇರುಪೇಟೆಗೆ ಕೋರ್ಟೇ ಬೀಗ ಹಾಕಿಸಿದ ಊರಿನ ಕಥೆ ಕೇಳಿದ್ದೀರಾ? ಕುವೈತಿನಲ್ಲಿ ಅದು ನಡೆದಾಗ ನಾನು ಅಲ್ಲೇ ಇದ್ದೆ. 2008ರ ನವೆಂಬರ್ 13, ಗುರುವಾರ. ಷೇರು ಹೀಗೇ ಕುಸಿಯುತ್ತಾ ಹೋದರೆ ನಮ್ಮ ಗತಿಯೇನು ಅಂತ ಹೂಡಿಕೆದಾರರು ದಾವೆ ಹೂಡಿದ್ದರು. ಸೋಮವಾರದವರೆಗೆ ವ್ಯವಹಾರ ನಿಲ್ಲಿಸಿ ಎಂದು ನ್ಯಾಯಾಲಯ ಆದೇಶ ಕೊಟ್ಟಿತು. ಶರ್ಕ್‌ನಲ್ಲಿ ನಮ್ಮ ಆಫೀಸು. ಫರ್ರಾಶ್, ಅಂದರೆ ಆಫೀಸಿನ ಜವಾನ, ಚಹಾದ ತಟ್ಟೆ ಹಿಡಿದುಕೊಂಡೇ ಒಳಗೆ ಬಂದು 'ಬೋರ್ಸಾ ಬಂದ್' ಎಂದ. ಒಳಗಿನ ಕೋಣೆಯಲ್ಲಿದ್ದ ನಮ್ಮ ಯಜಮಾನರು ಚಪ್ಪಾಳೆ ತಟ್ಟಿದರು. ಸೂಚ್ಯಂಕ ನಿಂತರೆ ನಷ್ಟವೂ ನಿಂತಿತು ಎಂಬ ಸಂತೋಷ! ಲೆಕ್ಕದ ವಿಭಾಗದಲ್ಲಿದ್ದ ನಾವು ನಾಲ್ಕು ಜನ, ಇಬ್ಬರು ಮಲಯಾಳಿಗಳು, ಒಬ್ಬ ಈಜಿಪ್ಟಿನವ, ಮಂಗಳೂರಿನ ಕಡೆಯ ನಾನು, ಮುಖ ಮುಖ ನೋಡಿಕೊಂಡೆವು. ಪೇಟೆ ಮುಚ್ಚಿದರೆ ನಮ್ಮ ಸಾಲದ ಕಾಗದವೂ ಮುಚ್ಚಿಕೊಂಡು ಕೂರುತ್ತದೆಯೇ?

ಆ ವರ್ಷದ ಜೂನ್‌ನಲ್ಲಿ ಕುವೈತ್ ಷೇರು ಸೂಚ್ಯಂಕ 15,000 ದಾಟಿತ್ತು. ಜುಲೈಯಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 147 ಡಾಲರ್. ದಿವಾನಿಯಾಗಳಲ್ಲಿ, ಅಂದರೆ ಅಲ್ಲಿನ ಗಂಡಸರ ಸಂಜೆಯ ಪಟ್ಟಾಂಗದ ಚಾವಡಿಗಳಲ್ಲಿ, ಮಾತೆಲ್ಲ ಯಾವ ಷೇರು ಎಷ್ಟಾಯಿತು ಎಂಬುದೇ. ಸೆಪ್ಟೆಂಬರ್ 15ಕ್ಕೆ ನ್ಯೂಯಾರ್ಕಿನಲ್ಲಿ ಲೇಮನ್ ಬ್ರದರ್ಸ್ ಮುಳುಗಿತು. ಅಕ್ಟೋಬರ್ ಕೊನೆಯಲ್ಲಿ ಕುವೈತಿನ ಗಲ್ಫ್ ಬ್ಯಾಂಕ್ ಎಡವಿತು. ಗ್ರಾಹಕರ ಪರವಾಗಿ ಮಾಡಿದ್ದ ಯೂರೋ ಕರೆನ್ಸಿಯ ವಾಯಿದೆ ವ್ಯವಹಾರದಲ್ಲಿ ನಷ್ಟವಾಗಿ, ಗ್ರಾಹಕರು ಅದನ್ನು ತುಂಬಿಕೊಡಲು ಒಪ್ಪದೆ ಹೋದಾಗ ಹೊರೆ ಬ್ಯಾಂಕಿನ ತಲೆಗೇ ಬಂತು. ನಷ್ಟ 375 ಮಿಲಿಯನ್ ದಿನಾರ್ ಮುಟ್ಟಿತು. ಕೇಂದ್ರ ಬ್ಯಾಂಕು ಠೇವಣಿಗಳಿಗೆ ಖಾತರಿ ಕೊಟ್ಟಿತು, ಸರ್ಕಾರದ ಹೂಡಿಕೆ ಸಂಸ್ಥೆ ಬಂಡವಾಳ ಹಾಕಿ ಪಾಲುದಾರನಾಯಿತು, ಬ್ಯಾಂಕು ಉಳಿಯಿತು. ವರ್ಷ ಮುಗಿಯುವಾಗ ಸೂಚ್ಯಂಕ 8,000ಕ್ಕಿಂತ ಕೆಳಗಿತ್ತು, ತೈಲ 40 ಡಾಲರ್ ಆಸುಪಾಸು.

ತಮಾಷೆಯೆಂದರೆ, ನಮ್ಮ ಊರಿನವರಿಗೆ ಅದು ಸುಗ್ಗಿ. ವರ್ಷದ ಆರಂಭದಲ್ಲಿ ದಿನಾರಿಗೆ 145 ರೂಪಾಯಿ ಹತ್ತಿರ ಇದ್ದದ್ದು ಈಗ 170 ದಾಟಿತ್ತು. ಸಾಲ್ಮಿಯಾದ ಹಣ ಕಳಿಸುವ ಅಂಗಡಿಗಳ ಮುಂದೆ ಸಾಲು. ಊರಲ್ಲಿ ಮನೆ ಕಟ್ಟಿಸುತ್ತಿದ್ದವರು ಟೆರೇಸಿನ ಮೇಲೆ ಇನ್ನೊಂದು ಕೋಣೆಯ ಯೋಚನೆಗಿಳಿದಿದ್ದರು.

ನಮ್ಮ ಕಂಪನಿಯ ಹೆಸರು ಬೇಡ. ಯಜಮಾನರ ತಂದೆ ಶುವೈಖ್‌ನಲ್ಲಿ ಕಟ್ಟಡ ಸಾಮಗ್ರಿಯ ಅಂಗಡಿಯಿಂದ ಶುರುಮಾಡಿದ್ದು. ಕೊಳವೆ, ಕಬ್ಬಿಣ, ನಲ್ಲಿ, ಟೈಲ್ಸ್. ಮಗನ ಕಾಲಕ್ಕೆ ಅದು 'ಹೋಲ್ಡಿಂಗ್' ಆಯಿತು, ಷೇರುಪೇಟೆಗೂ ಹೋಯಿತು. ಆಗ ಕುವೈತಿನಲ್ಲಿ ಹೋಲ್ಡಿಂಗ್ ಅಥವಾ 'ಇನ್ವೆಸ್ಟ್‌ಮೆಂಟ್' ಎಂಬ ಬಾಲವಿಲ್ಲದ ಕಂಪನಿಗೆ ಮರ್ಯಾದೆಯಿರಲಿಲ್ಲ. ವಿದೇಶಿ ಬ್ಯಾಂಕುಗಳ ಒಂದು ಕೂಟದಿಂದ ಮೂರು ವರ್ಷದ ಡಾಲರ್ ಸಾಲ. ಅಡಮಾನ ಇಲ್ಲ, ಯಜಮಾನರ ಹೆಸರೇ ಅಡಮಾನ. ಬಡ್ಡಿ ಮಾತ್ರ ಮೂರು ತಿಂಗಳಿಗೊಮ್ಮೆ, ಅಸಲು ಕೊನೆಗೆ ಒಂದೇ ಗಂಟು. ಆ ಹಣದಿಂದ ಕೊಂಡದ್ದು ಬೇರೆ ಕಂಪನಿಗಳ ಷೇರು, ದುಬೈಯಲ್ಲಿ ಇನ್ನೂ ಮೇಲೇಳದ ಒಂದು ಗೋಪುರದಲ್ಲಿ ಪಾಲು. ಮೂರು ವರ್ಷದ ಸಾಲದಲ್ಲಿ ಹತ್ತು ವರ್ಷದ ಆಸ್ತಿ. ಕುವೈತಿನ ಹೂಡಿಕೆ ಕಂಪನಿಗಳಲ್ಲಿ ಬಹಳಷ್ಟಕ್ಕೆ ಇದ್ದದ್ದು ಇದೇ ರೋಗ. ಉಳಿದದ್ದೆಲ್ಲ ಲಕ್ಷಣ.

ಈಗ ಕವನೆಂಟ್, ಅಂದರೆ ಸಾಲದ ಷರತ್ತುಗಳ ವಿಷಯ. ಸಾಲದ ಒಪ್ಪಂದ ಸುಮಾರು ನೂರು ಪುಟದ್ದು. ಬಡ್ಡಿ ಎಷ್ಟು, ಯಾವಾಗ ಕಟ್ಟಬೇಕು ಎಂಬುದು ನಾಲ್ಕೈದು ಪುಟ. ಮಿಕ್ಕದ್ದೆಲ್ಲ ವಾಗ್ದಾನ. ಕಂಪನಿಯ ಸ್ವಂತ ಬಂಡವಾಳ ಇಷ್ಟಕ್ಕಿಂತ ಕೆಳಗಿಳಿಯಬಾರದು, ಸಾಲವು ಬಂಡವಾಳದ ಒಂದೂವರೆ ಪಟ್ಟು ಮೀರಬಾರದು, ಬಡ್ಡಿಯ ಎರಡರಷ್ಟಾದರೂ ಲಾಭ ಇರಬೇಕು. ಬೇರೆ ಯಾವ ಬ್ಯಾಂಕಿನ ಸಾಲದಲ್ಲಿ ತಪ್ಪಿದರೂ ಇಲ್ಲಿಯೂ ತಪ್ಪಿದಂತೆಯೇ. ಮೂರು ತಿಂಗಳಿಗೊಮ್ಮೆ ಈ ಲೆಕ್ಕಗಳನ್ನು ಮಾಡಿ, 'ಎಲ್ಲವೂ ಸರಿಯಿದೆ, ಯಾವ ಡೀಫಾಲ್ಟೂ ಆಗಿಲ್ಲ' ಎಂದು ಒಂದು ಪುಟದ ಕಂಪ್ಲಯನ್ಸ್ ಸರ್ಟಿಫಿಕೇಟಿಗೆ ಇಬ್ಬರು ಸಹಿ ಹಾಕಿ ಕಳಿಸಬೇಕು. ಒಳ್ಳೆಯ ಕಾಲದಲ್ಲಿ ಅದು ಯಾರೂ ಓದದ ಕಾಗದ. ನಮ್ಮ ಕಾಗದ ಒಯ್ಯುವ ಹುಡುಗ ಅದರ ಜೊತೆಗೇ ಟೆಲಿಫೋನ್ ಬಿಲ್ಲನ್ನೂ ಒಯ್ಯುತ್ತಿದ್ದ.

ಕೆಟ್ಟ ಕಾಲದಲ್ಲಿ ಏನಾಗುತ್ತದೆ? ನೂರು ದಿನಾರ್ ಆಸ್ತಿ, 55 ಸಾಲ, 45 ಸ್ವಂತದ್ದು ಎಂದಿಟ್ಟುಕೊಳ್ಳಿ. ಸಾಲ ಬಂಡವಾಳದ ಒಂದೂಕಾಲು ಪಟ್ಟಿನೊಳಗೇ ಇದೆ, ಒಪ್ಪಂದದ ಮಿತಿಯ ಒಳಗೆ. ಆಸ್ತಿಯ ಬೆಲೆ 80ಕ್ಕೆ ಇಳಿಯಿತು. ಸಾಲ ಇಳಿಯುವುದಿಲ್ಲ, 55 ಹಾಗೇ ಇರುತ್ತದೆ. ಪೂರಾ ಹೊಡೆತ ಸ್ವಂತದ ಮೇಲೆ ಬಿದ್ದು 45 ಹೋಗಿ 25. ಸಾಲ ಎರಡು ಪಟ್ಟಿಗಿಂತ ಹೆಚ್ಚಾಯಿತು! ಹೊಸದಾಗಿ ಒಂದು ಫಿಲ್ಸ್ (ದಿನಾರಿನ ಸಾವಿರದಲ್ಲೊಂದು ಪಾಲು) ಸಾಲ ಮಾಡಿಲ್ಲ, ಒಂದು ಕಂತು ತಪ್ಪಿಸಿಲ್ಲ, ಆದರೂ ಮಾತು ಮುರಿದಾಗಿದೆ. ನಮಗೆ ಇನ್ನೊಂದು ಪೆಟ್ಟೂ ಇತ್ತು. ಕುವೈತ್ 2007ರ ಮೇನಲ್ಲಿ ದಿನಾರಿಗೂ ಡಾಲರಿಗೂ ಇದ್ದ ನೇರ ಗಂಟು ಬಿಚ್ಚಿ, ಹಲವು ಕರೆನ್ಸಿಗಳ ಬುಟ್ಟಿಗೆ ಕಟ್ಟಿತ್ತು. 2008ರ ಬೇಸಿಗೆಯಲ್ಲಿ 265 ಫಿಲ್ಸ್ ಹತ್ತಿರವಿದ್ದ ಡಾಲರ್ ಡಿಸೆಂಬರ್ ಕೊನೆಗೆ 276 ಹತ್ತಿರ. ನಮ್ಮ ಷೇರು ದಿನಾರಿನಲ್ಲಿ, ಸಾಲ ಡಾಲರಿನಲ್ಲಿ. ಆಸ್ತಿ ಕರಗುತ್ತಿದ್ದಾಗ ಸಾಲ ತಾನೇ ಉಬ್ಬುತ್ತಿತ್ತು.

ಡಿಸೆಂಬರಿನಲ್ಲಿ ಗ್ಲೋಬಲ್ ಇನ್ವೆಸ್ಟ್‌ಮೆಂಟ್ ಹೌಸ್ ಸಾಲ ಮರುಪಾವತಿಯಲ್ಲಿ ತಪ್ಪಿತು. ಕುವೈತಿನ ಅತಿ ದೊಡ್ಡ ಹೂಡಿಕೆ ಸಂಸ್ಥೆಗಳಲ್ಲೊಂದು, ಮಹಾ ಅಲ್ ಘುನೈಮ್ ಎಂಬ ಹೆಣ್ಣುಮಗಳು ಕಟ್ಟಿ ಬೆಳೆಸಿದ್ದು. ಒಂದು ಸಾಲದಲ್ಲಿ ತಪ್ಪಿದ್ದೇ ತಡ, ಮಿಕ್ಕ ಸಾಲಗಳ ಒಪ್ಪಂದಗಳೂ ಎದ್ದು ಕುಳಿತವು. ಐವತ್ತಕ್ಕೂ ಹೆಚ್ಚು ಬ್ಯಾಂಕುಗಳೊಂದಿಗೆ 1.7 ಬಿಲಿಯನ್ ಡಾಲರಿಗೂ ಮಿಕ್ಕಿದ ಸಾಲವನ್ನು ಮರುಹೊಂದಿಸಿ ಸಹಿ ಬೀಳಲು ಸುಮಾರು ಒಂದು ವರ್ಷ ಬೇಕಾಯಿತು. ಆ ಸುದ್ದಿ ಬಂದ ಬೆಳಗ್ಗೆ ನಮ್ಮ ಫೈನಾನ್ಸ್ ಮುಖ್ಯಸ್ಥರು, ಅಮ್ಮಾನ್ ಕಡೆಯ ಪ್ಯಾಲೆಸ್ತೀನಿ, ಪತ್ರಿಕೆ ಮಡಚಿ ಮೇಜಿನ ಡ್ರಾಯರಿಗೆ ಹಾಕಿ ಬೀಗ ಹಾಕಿದರು. ಯಜಮಾನರ ಕಣ್ಣಿಗೆ ಬೀಳದಿರಲಿ ಎಂದಿರಬೇಕು. ಅಷ್ಟರಲ್ಲಿ ಇಡೀ ಕುವೈತಿಗೇ ಗೊತ್ತಾಗಿತ್ತು.

ಇದರ ನಡುವೆ ಲೆಕ್ಕಶಾಸ್ತ್ರದವರು ಒಂದು ಕಿಟಕಿ ತೆರೆದಿದ್ದರು. 2008ರ ಅಕ್ಟೋಬರಿನಲ್ಲಿ ಲಂಡನ್ನಿನ ಲೆಕ್ಕಮಾನಕ ಮಂಡಳಿ ಐಎಎಸ್ 39 ಎಂಬ ನಿಯಮಕ್ಕೆ ಅವಸರದ ತಿದ್ದುಪಡಿ ತಂದಿತು. ದಿನದಿನದ ಬೆಲೆಗೆ ಲಾಭನಷ್ಟ ತೋರಿಸಬೇಕಾದ ಗುಂಪಿನಿಂದ ಕೆಲವು ಷೇರುಗಳನ್ನು ಬೇರೆ ಗುಂಪಿಗೆ ದಾಟಿಸಬಹುದು, ಅದೂ ಹಿಂದಿನ ತಾರೀಕು ಹಾಕಿ, ಜುಲೈ 1ರಿಂದಲೇ. ಯುರೋಪಿನ ದೊಡ್ಡ ಬ್ಯಾಂಕುಗಳೇ ಬಳಸಿಕೊಂಡ ದಾರಿ ಅದು. ನಾವೂ ದಾಟಿಸಿದೆವು. ಲಾಭನಷ್ಟದ ಪುಟ ಮರ್ಯಾದೆ ಉಳಿಸಿಕೊಂಡಿತು, ಬಡ್ಡಿಯ ಎರಡರಷ್ಟು ಲಾಭ ಎಂಬ ಷರತ್ತು ಕಷ್ಟಪಟ್ಟು ಪಾಸಾಯಿತು. ಆದರೆ ನಷ್ಟ ಎಲ್ಲಿಗೂ ಹೋಗಿರಲಿಲ್ಲ, ಬಂಡವಾಳದ ಕೆಳಗೆ ಒಂದು ಮೀಸಲಿನ ಹೆಸರಿನಲ್ಲಿ ಕೂತಿತ್ತು. ಬಂಡವಾಳ ಮೀರಬಾರದ ಗೆರೆಯನ್ನು ಮೀರಿಯೇ ಇಳಿದಿತ್ತು.

2009ರ ಜನವರಿ 7ಕ್ಕೆ ಹೈದರಾಬಾದಿನಲ್ಲಿ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗರಾಜು ಬರೆದ ಪತ್ರ ಹೊರಬಿತ್ತು. ಐದು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನಗದು ಪುಸ್ತಕದಲ್ಲಿದೆ, ಬ್ಯಾಂಕಿನಲ್ಲಿಲ್ಲ ಎಂದು ತಾವೇ ಒಪ್ಪಿಕೊಂಡಿದ್ದರು. ಮರುದಿನ ಯಜಮಾನರು ನನ್ನನ್ನು ಕರೆಸಿ ಕೂರಲು ಹೇಳಿದರು. ಅವರು ಕೂರಲು ಹೇಳಿದ್ದೇ ಅಪರೂಪ.

'ನೀನು ಹಿಂದಿ ಅಲ್ಲವೇ? ನಮ್ಮ ನಗದು ಬ್ಯಾಂಕಿನಲ್ಲಿ ಇದೆಯಷ್ಟೆ?'

ಹಿಂದಿ ಎಂದರೆ ಅವರ ಮಾತಿನಲ್ಲಿ ಭಾರತೀಯ. ಇದೆ ಎಂದೆ. ಬ್ಯಾಂಕ್ ಸ್ಟೇಟ್‌ಮೆಂಟುಗಳ ಕಟ್ಟನ್ನು ತಂದು ಮುಂದಿಟ್ಟೆ. ಅವರು ಒಂದೊಂದೇ ಪುಟ ತಿರುವಿದರು. ಗಲ್ಫಿನಲ್ಲಿ ಅಕೌಂಟ್ಸ್ ಮಾಡುವ ಪ್ರತಿಯೊಬ್ಬ ಭಾರತೀಯನೂ ಆ ವಾರ ಯಾವುದಾದರೊಂದು ರೀತಿಯಲ್ಲಿ ಈ ಪರೀಕ್ಷೆಗೆ ಕೂತಿದ್ದಾನೆ.

ಸರ್ಟಿಫಿಕೇಟಿಗೆ ಸಹಿ ಹಾಕಬೇಕಾದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಡಿಸೆಂಬರ್ 31ರ ಲೆಕ್ಕ ಮಾರ್ಚ್ ಕೊನೆಯೊಳಗೆ ಷೇರುಪೇಟೆಗೂ ಹೋಗಬೇಕು, ಬ್ಯಾಂಕಿಗೂ ಹೋಗಬೇಕು. ಕೊಡದಿದ್ದರೆ ಪೇಟೆಯಲ್ಲಿ ವ್ಯವಹಾರ ಅಮಾನತು. ಆ ವರ್ಷ ಏಪ್ರಿಲ್ ಒಂದಕ್ಕೆ ಹಲವು ಕಂಪನಿಗಳಿಗೆ ಹಾಗೇ ಆಯಿತು. ಎಕ್ಸೆಲ್ ಹಾಳೆಯಲ್ಲಿ ಮೂರು ಸಾಲು: ಎರಡು ಹಸಿರು, ಒಂದು ಕೆಂಪು. ಫೈನಾನ್ಸ್ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. 'ಯಾವ ಡೀಫಾಲ್ಟೂ ಆಗಿಲ್ಲ' ಎಂಬ ಸಾಲಿನ ಮೇಲೆ ಪೆನ್ನಿನ ತುದಿಯನ್ನು ಇಟ್ಟು ಯಜಮಾನರಿಗೆ ತೋರಿಸಿದರು. 'ಇದನ್ನು ಹೊಡೆದು ಹಾಕದೆ ನಾನು ಸಹಿ ಮಾಡುವುದಿಲ್ಲ.'

ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. ಅವರ ಸಿಟ್ಟು ಸುಳ್ಳಲ್ಲ, ಅದಕ್ಕೆ ಇತಿಹಾಸವಿತ್ತು. 1982ರ ಆಗಸ್ಟಿನಲ್ಲಿ ಸೂಕ್ ಅಲ್ ಮನಾಖ್ ಕುಸಿದಾಗ ಅವರಿಗೆ ಇಪ್ಪತ್ತರ ವಯಸ್ಸು. ಮನಾಖ್ ಅಂದರೆ ಅಧಿಕೃತ ಷೇರುಪೇಟೆಯ ಪಕ್ಕದಲ್ಲೇ ಬೆಳೆದ ಇನ್ನೊಂದು ಪೇಟೆ. ಅಲ್ಲಿ ಷೇರಿಗೆ ಕೊಡುತ್ತಿದ್ದದ್ದು ಹಣವಲ್ಲ, ಮುಂದಿನ ತಾರೀಕಿನ ಚೆಕ್ಕು. ಆ ಚೆಕ್ಕನ್ನು ನಂಬಿ ಇನ್ನೊಬ್ಬನ ಚೆಕ್ಕು, ಅದನ್ನು ನಂಬಿ ಮತ್ತೊಬ್ಬನದು. ಒಂದು ಚೆಕ್ಕು ವಾಪಸಾದಾಗ ಗೋಡೆ ಪೂರಾ ಬಿತ್ತು. ಎಲ್ಲ ಒಟ್ಟುಗೂಡಿಸಿ ನೋಡಿದರೆ 90 ಬಿಲಿಯನ್ ಡಾಲರಿಗೂ ಮೇಲಿನ ಚೆಕ್ಕುಗಳು, ಇಡೀ ದೇಶದ ಉತ್ಪನ್ನವನ್ನು ಹಲವು ಬಾರಿ ಮೀರಿಸುವಷ್ಟು. ಯಜಮಾನರ ತಂದೆ ಅದರೊಳಗೆ ಕೈ ಹಾಕದೆ ಕೊಳವೆ ಮಾರಿಕೊಂಡು ಕೂತಿದ್ದರು, ಹಾಗಾಗಿ ಉಳಿದರು. ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದ ಪಾಠ ಒಂದೇ: ನಿನ್ನ ಚೆಕ್ಕು ವಾಪಸಾಗಬಾರದು.

'ನನ್ನ ಒಂದು ಚೆಕ್ಕು ವಾಪಸಾಗಿದೆಯಾ? ಒಂದು ಕಂತು, ಒಂದು ದಿನ ತಡವಾಗಿದೆಯಾ? ಮತ್ತೆ ಯಾವನು ನನ್ನನ್ನು ಡೀಫಾಲ್ಟರ್ ಅನ್ನುವವನು?'

ಉತ್ತರ ನಮ್ಮ ಯಾರ ಬಳಿಯೂ ಇರಲಿಲ್ಲ. ಕೊನೆಗೆ ಆ ಸಾಲನ್ನು ಹೊಡೆದು, ಕೆಳಗೆ 'ಬಂಡವಾಳ ಸಂಬಂಧಿ ಷರತ್ತೊಂದು ಪಾಲನೆಯಾಗಿಲ್ಲ, ವೇವರ್ ಕೋರುತ್ತೇವೆ' ಎಂದು, ಅಂದರೆ ಷರತ್ತಿನಿಂದ ವಿನಾಯಿತಿ ಬೇಕೆಂದು, ಸೇರಿಸಿ ಸಹಿ ಬಿತ್ತು. ಫೈನಾನ್ಸ್ ಮುಖ್ಯಸ್ಥರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಹೊತ್ತಿಗೆ. ಕಣ್ಣು ಮುಚ್ಚಿ ಸಹಿ ಹಾಕಿದ್ದರೆ ಇನ್ನೂ ಮೂರು ತಿಂಗಳು ದೂಡಬಹುದಿತ್ತು, ಹಾಗೆ ದೂಡಿದವರೂ ಆ ಊರಲ್ಲಿದ್ದರು.

ಬ್ಯಾಂಕುಗಳು ತಕ್ಷಣ ಸಾಲ ವಾಪಸ್ ಕೇಳಲಿಲ್ಲ. ಕೇಳಿದರೆ ಸಿಗುವುದಿಲ್ಲ ಎಂದು ಅವರಿಗೂ ಗೊತ್ತು. ಬದಲಿಗೆ ಒಂದು ಪತ್ರ ಬಂತು: ನಿಮ್ಮ ಸೂಚನೆ ತಲುಪಿದೆ, ನಾವು ಸುಮ್ಮನಿದ್ದೇವೆಂದರೆ ಕ್ಷಮಿಸಿದ್ದೇವೆ ಎಂದರ್ಥವಲ್ಲ, ನಮ್ಮ ಎಲ್ಲ ಹಕ್ಕುಗಳೂ ನಮ್ಮಲ್ಲೇ ಇವೆ. ಮುಂದಿನ ತಿಂಗಳು ಅದೇ ಪತ್ರ, ತಾರೀಕು ಮಾತ್ರ ಬೇರೆ. ಅದರ ಮುಂದಿನ ತಿಂಗಳೂ ಅದೇ. ಏನನ್ನೂ ಮಾಡದೆ ಒಂದು ಕಂಪನಿಯ ಉಸಿರು ಕಟ್ಟಿಸುವುದು ಹೇಗೆ ಎಂದು ಆ ಪತ್ರಗಳಿಂದ ಕಲಿಯಬೇಕು. ಷರತ್ತು ತಪ್ಪಿದ ಮಾತು ಹೊರಗೆ ಹೋದೊಡನೆ ಕಬ್ಬಿಣ ಕಳಿಸುವವರು ಮುಂಗಡ ಕೇಳಿದರು, ಸ್ಥಳೀಯ ಬ್ಯಾಂಕು ಓವರ್‌ಡ್ರಾಫ್ಟ್ ಮಿತಿ ಇಳಿಸಿತು. ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆಗೆ ಪ್ರತಿವರ್ಷ ಕೊಡುತ್ತಿದ್ದ ಅರ್ಧ ಪುಟದ ಜಾಹೀರಾತೂ ನಿಂತಿತು.

ಮಾತುಕತೆಗೆ ಬಹ್ರೇನಿನ ಮನಾಮಾದಿಂದ ಒಬ್ಬರು, ಲಂಡನ್ನಿನಿಂದ ಇಬ್ಬರು ಬಂದರು, ಜೊತೆಗೆ ವಕೀಲರು. ಅವರ ವಕೀಲರ ಶುಲ್ಕವೂ ನಮ್ಮದೇ ತಲೆಗೆ, ಒಪ್ಪಂದದಲ್ಲಿ ಹಾಗೇ ಬರೆದಿದೆ. ಮೂರರಲ್ಲಿ ಎರಡರಷ್ಟು ಸಾಲ ಕೊಟ್ಟವರು ಒಪ್ಪದೆ ವೇವರ್ ಇಲ್ಲ. ದೊಡ್ಡ ಬ್ಯಾಂಕುಗಳಿಗೆ ತಾಳ್ಮೆಯಿತ್ತು. ತಕರಾರೆಲ್ಲ ಸಣ್ಣ ಪಾಲಿನವರದು. ಗಲ್ಫಿನಿಂದಲೇ ಹೊರಗೆ ಹೋಗಬೇಕೆಂದಿದ್ದ ಯುರೋಪಿನ ಒಂದು ಬ್ಯಾಂಕಿಗೆ ನಮ್ಮ ವ್ಯವಹಾರದಲ್ಲಿ ಆಸಕ್ತಿಯೇ ಇರಲಿಲ್ಲ, ನಮ್ಮನ್ನು ತಮ್ಮ ಪಟ್ಟಿಯಿಂದ ಅಳಿಸಿದರೆ ಸಾಕಿತ್ತು. ಕೊನೆಗೆ ಸಿಕ್ಕಿದ ವೇವರಿನ ಬೆಲೆ: ಶುಲ್ಕ, ಹೆಚ್ಚಿನ ಬಡ್ಡಿ, ಅಡಮಾನವಿಲ್ಲದಿದ್ದ ಸಾಲಕ್ಕೆ ಈಗ ಅಡಮಾನ, ಮತ್ತು ಆರು ತಿಂಗಳೊಳಗೆ ಆಸ್ತಿ ಮಾರಿ ಸಾಲದ ಒಂದು ಪಾಲು ತೀರಿಸುವ ವಾಗ್ದಾನ.

ಅದೇ ಹೊತ್ತಿನಲ್ಲಿ ಊರಿನ ಇನ್ನೊಂದು ತುದಿಯಲ್ಲಿ ಇದಕ್ಕಿಂತ ದೊಡ್ಡ ನಾಟಕ ನಡೆಯುತ್ತಿತ್ತು. 2007ರಲ್ಲಿ ಜೇಮ್ಸ್ ಬಾಂಡ್‌ನ ಕಾರು ಮಾಡುವ ಆಸ್ಟನ್ ಮಾರ್ಟಿನ್ ಕಂಪನಿಯನ್ನು ಫೋರ್ಡ್‌ನಿಂದ ಕೊಂಡ ಕೂಟದಲ್ಲಿದ್ದ ಕುವೈತಿನ ಇನ್ವೆಸ್ಟ್‌ಮೆಂಟ್ ದಾರ್ 2009ರ ಮೇನಲ್ಲಿ 100 ಮಿಲಿಯನ್ ಡಾಲರಿನ ಇಸ್ಲಾಮಿ ಸಾಲಪತ್ರ ಸುಕುಕ್‌ನ ಪಾವತಿ ತಪ್ಪಿಸಿತು. ದಾರ್ ಬಳಿ ಹಣ ಇಟ್ಟಿದ್ದ ಲೆಬನಾನಿನ ಬ್ಲೋಮ್ ಬ್ಯಾಂಕ್ ಗುಂಪಿನ ಸಂಸ್ಥೆ ಲಂಡನ್ ನ್ಯಾಯಾಲಯಕ್ಕೆ ಹೋಯಿತು. ದಾರ್‌ನ ವಾದ ಕೇಳಿ: ನಮ್ಮ ಕಂಪನಿಯ ನಿಯಮಾವಳಿಯಂತೆ ಷರಿಯತ್ತಿಗೆ ವಿರುದ್ಧವಾದದ್ದನ್ನು ನಾವು ಮಾಡುವಂತಿಲ್ಲ, ಈ ಒಪ್ಪಂದ ನಿಜದಲ್ಲಿ ಬಡ್ಡಿ ವ್ಯವಹಾರ, ಆದ್ದರಿಂದ ಮಾಡಲು ನಮಗೆ ಅಧಿಕಾರವೇ ಇರಲಿಲ್ಲ! ಅವರದೇ ಷರಿಯತ್ ಮಂಡಳಿ ಒಪ್ಪಿದ್ದ ಒಪ್ಪಂದ ಅದು. 2009ರ ಡಿಸೆಂಬರಿನಲ್ಲಿ ನ್ಯಾಯಾಧೀಶರು ಈ ವಾದವನ್ನು ಕೂಡಲೇ ತಳ್ಳಿಹಾಕಲಾಗದು, ವಿಚಾರಣೆಗೆ ಅರ್ಹ ಎಂದರು. ಆ ಸುದ್ದಿಯನ್ನು ಓದಿದ ನಮ್ಮ ಯಜಮಾನರು ಬಹಳ ದಿನಗಳ ನಂತರ ನಕ್ಕರು. ಆಮೇಲೆ ಗಂಭೀರವಾಗಿ, 'ಇನ್ನು ನಮ್ಮ ಊರಿನವರ ಸಹಿಯನ್ನು ಯಾರು ನಂಬುತ್ತಾರೆ?' ಎಂದರು. ಸರ್ಕಾರ 2009ರಲ್ಲಿ ಅಮೀರರ ಆದೇಶದ ಮೂಲಕ ಆರ್ಥಿಕ ಸ್ಥಿರತೆಯ ಕಾನೂನು ತಂದಿತ್ತು. ಮರುವರ್ಷ ದಾರ್ ಅದರ ಅಡಿ ಸಾಲ ಕೊಟ್ಟವರಿಂದ ರಕ್ಷಣೆ ಕೇಳಿತು. ನಮ್ಮಂಥ ಮಧ್ಯಮ ಗಾತ್ರದವರಿಗೆ ಆ ಬಾಗಿಲು ದೂರ.

ಮಾರುವುದು ಎಂದರೆ ಏನನ್ನು? ಪಟ್ಟಿ ಮಾಡಿದ್ದು ನಾನೇ, ಆದ್ದರಿಂದ ನನಗೆ ಗೊತ್ತು. ಪೇಟೆಯಲ್ಲಿದ್ದ ಷೇರುಗಳು: ದೊಡ್ಡ ಗಂಟು ಮಾರಲು ಹೋದರೆ ಬೆಲೆ ಇನ್ನೂ ಬೀಳುತ್ತದೆ, ಕೊಳ್ಳುವವನೂ ಇಲ್ಲ. ದುಬೈ ಗೋಪುರದ ಪಾಲು: ಗೋಪುರ ಆರನೇ ಮಹಡಿಗೆ ನಿಂತಿತ್ತು, ಬಿಲ್ಡರ್ ಫೋನ್ ಎತ್ತುತ್ತಿರಲಿಲ್ಲ. ನಮ್ಮಂಥದೇ ಇನ್ನೊಂದು ಕಂಪನಿಗೆ ಕೊಟ್ಟ ಸಾಲ: ಅವರೂ ವೇವರ್ ಕೇಳುತ್ತಿದ್ದರು. ಉಳಿದದ್ದು ಶುವೈಖ್‌ನ ಕಟ್ಟಡ ಸಾಮಗ್ರಿ ಘಟಕ. ಅದಕ್ಕೆ ಸಾಲವಿಲ್ಲ, ಪ್ರತಿ ತಿಂಗಳು ನಗದು ಕೊಡುತ್ತದೆ, ಗೋದಾಮು ತುಂಬಿದೆ. ಕೊಳ್ಳಲು ಮೂರು ಜನ ತಯಾರು. ಹಾಲು ಕೊಡುವ ಹಸುವನ್ನು ಮಾರಿ ಗೊಡ್ಡನ್ನು ಕೊಟ್ಟಿಗೆಯಲ್ಲಿ ಕಟ್ಟಿಕೊಳ್ಳುವ ವ್ಯವಹಾರ ಇದು ಎಂದು ಅಲ್ಲಿ ಕೂತಿದ್ದ ಎಲ್ಲರಿಗೂ ತಿಳಿದಿತ್ತು, ಬ್ಯಾಂಕಿನವರಿಗೂ ಸಹ. ಆದರೆ ಕಾಗದದ ಪ್ರಕಾರ ಸಾಲ ಇಳಿಯಬೇಕು, ಇಳಿಸಬಲ್ಲದ್ದು ಅದೊಂದೇ. ಕವನೆಂಟ್ ಕಂಪನಿಯನ್ನು ಕಾಯುವ ಬೇಲಿ ಎಂದು ಬ್ಯಾಂಕಿನವರು ಹೇಳುತ್ತಾರೆ. ನಾನು ಕಂಡಂತೆ ಅದು ಸಾಲ ಕೊಟ್ಟವನು ಮೊದಲು ಹೊರಗೆ ಓಡಲು ಇಟ್ಟುಕೊಂಡ ಬಾಗಿಲು. ತಪ್ಪು ಅವರದೊಂದೇ ಎನ್ನುವುದಿಲ್ಲ. ಸೂಚ್ಯಂಕ 15,000 ಇದ್ದಾಗ ನಮ್ಮವರೂ ನೂರು ಪುಟ ಓದದೆ ಸಹಿ ಹಾಕಿದ್ದರು.

ಘಟಕ ಕೈಬದಲಾಯಿತು. ಯಜಮಾನರು ಕಾಗದಕ್ಕೆ ಸಹಿ ಹಾಕಲು ಶುವೈಖ್‌ಗೇ ಹೋಗುತ್ತೇನೆ ಎಂದು ಹಟ ಹಿಡಿದರು. ತಂದೆ ಕೂರುತ್ತಿದ್ದ ಗಾಜಿನ ಕೋಣೆಯಲ್ಲಿ ಕೂತು ಸಹಿ ಹಾಕಿ, ಗೋದಾಮಿನ ಹಳೆಯ ನೌಕರರ ಕೈ ಹಿಡಿದು ಮಾತಾಡಿಸಿ ಬಂದರು. ಹೊಸ ಮಾಲೀಕರಿಗೆ ಅಷ್ಟು ಜನ ಬೇಕಾಗಿರಲಿಲ್ಲ. ಬಿಟ್ಟವರ ಇಂಡೆಮ್ನಿಟಿ ಲೆಕ್ಕ ನನ್ನ ಮೇಜಿಗೆ ಬಂತು: ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಹದಿನೈದು ದಿನದ ಸಂಬಳ, ಆಮೇಲೆ ವರ್ಷಕ್ಕೊಂದು ತಿಂಗಳದ್ದು. ಪಟ್ಟಿಯಲ್ಲಿ ಕುಂದಾಪುರದ ಕಡೆಯ ಒಬ್ಬ ಸ್ಟೋರ್‌ಕೀಪರ್. ಯಾವ ಅಳತೆಯ ಕೊಳವೆ ಎಷ್ಟಿದೆ ಎಂದು ಕಂಪ್ಯೂಟರ್ ನೋಡದೆ ಹೇಳುತ್ತಿದ್ದ ಮನುಷ್ಯ. ಟೆರೇಸಿನ ಮೇಲೆ ಇನ್ನೊಂದು ಕೋಣೆ ಎತ್ತಿಸುತ್ತಿದ್ದವರಲ್ಲಿ ಅವರೂ ಒಬ್ಬರು. 'ಕಂಪನಿ ಸಂಬಳ ತಡ ಮಾಡಿದ್ದಿಲ್ಲ ಮಾರಾಯ್ರೆ, ಮತ್ತೆ ಇದು ಹೇಗೆ?' ಎಂದು ನನ್ನನ್ನೇ ಕೇಳಿದರು. ನಾನು 55, 45ರ ಲೆಕ್ಕ ಹೇಳಲು ಹೋದೆ. ಅವರು ಪೂರಾ ಕೇಳಿ, 'ಷೇರು ಬಿದ್ದದ್ದಕ್ಕೆ ಕೊಳವೆ ಏನು ಮಾಡಿತು?' ಎಂದರು. ಒಂದು ವಾರದಲ್ಲಿ ಮಂದೂಬ್, ಅಂದರೆ ಕಂಪನಿಯ ಸರ್ಕಾರಿ ಕಾಗದಪತ್ರ ನೋಡುವವ, ಅವರ ಇಕಾಮಾ ಎಂಬ ವಾಸದ ಪರವಾನಗಿ ರದ್ದು ಮಾಡಿಸಿ ಬಂದ.

2010ರ ಆರಂಭದಲ್ಲಿ ಕುವೈತ್ ಸಂಸತ್ತು ನಾಲ್ಕು ವರ್ಷದ ಅಭಿವೃದ್ಧಿ ಯೋಜನೆಯನ್ನು ಒಪ್ಪಿತು, ಮೊತ್ತ 30 ಬಿಲಿಯನ್ ದಿನಾರ್. ಸೇತುವೆ, ಆಸ್ಪತ್ರೆ, ಹೊಸ ಊರುಗಳು. ಅದರಲ್ಲಿ ಎಷ್ಟು ಕಾಗದದಲ್ಲೇ ಉಳಿಯಿತು ಎನ್ನುವುದು ಬೇರೆ ಮಾತು. ಕೊಳವೆ ಮತ್ತು ಕಬ್ಬಿಣದ ವ್ಯಾಪಾರಿಗಳ ಕೈ ತುಂಬಾ ಕೆಲಸವಂತೂ ಬಂತು, ಶುವೈಖ್ ಗೋದಾಮಿನ ಹೊಸ ಮಾಲೀಕರಿಗೂ. ನಮ್ಮ ಹೋಲ್ಡಿಂಗ್ ಕಂಪನಿ ಇನ್ನೂ ಎರಡು ವೇವರ್ ಪಡೆದು, ಷೇರುಪೇಟೆಯಿಂದ ಹೊರಬಂದು, ಒಂದು ಸಣ್ಣ ಕೋಣೆಯ ಆಫೀಸಿಗೆ ಇಳಿಯಿತು.

ನಾನು ಆಗಲೇ ಕೆಲಸ ಬದಲಿಸಲು ಬೇಕಾದ ರಿಲೀಸ್ ತೆಗೆದುಕೊಂಡು ಗೋದಾಮಿನ ಹೊಸ ಮಾಲೀಕರ ಹತ್ತಿರ ಸೇರಿದ್ದೆ. ಅವರಿಗೂ ವ್ಯಾಪಾರ ಹಿಗ್ಗಿಸಲು ಸಾಲ ಬೇಕಾಯಿತು. ಬ್ಯಾಂಕಿನ ಕರಡು ಒಪ್ಪಂದ ಬಂದ ದಿನ ನಾನು ಬಡ್ಡಿಯ ಪುಟ ಬಿಟ್ಟು ನೇರ ಕವನೆಂಟ್ ಪುಟಕ್ಕೆ ಹೋದೆ. ಮೂರು ತಿದ್ದುಪಡಿ ಕೇಳಿದೆ. ಷರತ್ತು ತಪ್ಪಿದರೆ ಮೂವತ್ತು ದಿನದೊಳಗೆ ಮಾಲೀಕ ಬಂಡವಾಳ ಹಾಕಿ ಸರಿಪಡಿಸುವ ಅವಕಾಶ ಬೇಕು. ಷೇರಿನ ಪುಸ್ತಕದ ನಷ್ಟ ಲೆಕ್ಕಕ್ಕೆ ಬರಬಾರದು. ಸಾಲ ದಿನಾರಿನಲ್ಲೇ ಇರಬೇಕು. ಬ್ಯಾಂಕಿನ ಯುವ ಅಧಿಕಾರಿಗೆ ಆಶ್ಚರ್ಯ. ಕಂತು ಸರಿಯಾಗಿ ಕಟ್ಟುವ ಗಿರಾಕಿಗೆ ಇದೆಲ್ಲ ಯಾಕೆ, ಇವು ಬರೀ ಸಂಪ್ರದಾಯದ ಷರತ್ತುಗಳಲ್ಲವೇ ಎಂದ. ನಾನು ಸುಮ್ಮನಿದ್ದೆ.

'ಹಿಂದೆ ನೀವು ಎಲ್ಲಿ ಕೆಲಸದಲ್ಲಿದ್ದಿರಿ?' ಎಂದು ಕೇಳಿದ.

ಕಂಪನಿಯ ಹೆಸರು ಹೇಳಿದೆ. ಆತ ಕರಡನ್ನು ತನ್ನ ಕಡೆಗೆ ಎಳೆದುಕೊಂಡು ಮೂರನ್ನೂ ಬರೆದುಕೊಂಡ. ಎರಡು ಸಿಕ್ಕಿದವು. ಮೂವತ್ತು ದಿನ ಮಾತ್ರ ಹದಿನೈದಕ್ಕೆ ಇಳಿಯಿತು.